ಚೋಮನು ಬೇಡಿದುದು ಕಣ್ಣೀರನ್ನಲ್ಲ

ಕಾದಂಬರಿಯು ಮನೆಮಂದಿಯೆಲ್ಲರೂ ಓದಿ ಸಂತೋಷಪಡುವಂತಿರಬೇಕು. ದಾರಿದ್ರ್ಯ, ಸಾಲ, ಸಾವುಗಳ ಯಥಾರ್ಥ ಚಿತ್ರಣವು ಮನಸ್ಸನ್ನು ಕುಗ್ಗಿಸುವುದಲ್ಲದೆ ಬೇರೇನನ್ನೂ ಸಾಧಿಸದು ಎಂಬ ಆಕ್ಷೇಪವು ಬಹಳ ಹಳೆಯದು. 1933ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಇಂದು ಹಾಗೆ ಬಹಿರಂಗವಾಗಿ ಹಳಿಯುವವರು ವಿರಳ. ಆದರೆ ಹಳಿಯುವವರಿಗಿಂತಲೂ ಆ ಕೃತಿಗೆ ಹೆಚ್ಚಿನ ಅನ್ಯಾಯವನ್ನು ಮಾಡುವವರೆಂದರೆ, ‘ಅಯ್ಯೋ ಪಾಪ’ ಎಂದು ಕಣ್ಣೊರಸಿಕೊಂಡು ಪುಸ್ತಕವನ್ನು ಮುಚ್ಚಿಡುವ ಸಜ್ಜನರು.

ಚೋಮನು ಯಾರ ಕನಿಕರವನ್ನೂ ಬೇಡಿದವನಲ್ಲ. ತುಂಡು ಭೂಮಿಯನ್ನು ಗೇಣಿಗೆ ಪಡೆದು ತಾನೇ ಬೇಸಾಯ ಮಾಡಬೇಕೆಂಬುದೊಂದೇ ಅವನ ಬಯಕೆ. ಅವನಲ್ಲಿ ಜೋಡೆತ್ತುಗಳಿದ್ದುವು; ತೋಳಿನಲ್ಲಿ ಬಲವಿದ್ದಿತು. ಇಲ್ಲದಿದ್ದುದು ಊರಿನ ಅನುಮತಿ. ಅಸ್ಪೃಶ್ಯನೆನಿಸಿದವನು ಒಡೆಯನ ಗದ್ದೆಯಲ್ಲಿ ಆಳಾಗಿ ದುಡಿಯಬಹುದು, ಒಕ್ಕಲಾಗಬಾರದು ಎಂಬುದು ಅಲ್ಲಿಯ ಕಟ್ಟಳೆ.

ಒಡೆಯನಾದ ಸಂಕಪ್ಪಯ್ಯನು ಕ್ರೂರಿಯಲ್ಲವೆಂಬುದನ್ನು ವಾಚಕರು ಮರೆಯಬಾರದು. ಅವನ ಮನಸ್ಸು ಕರಗುತ್ತದೆ. ತಾಯಿಯು ಸಂಪ್ರದಾಯವನ್ನು ಮುಂದಿಟ್ಟೊಡನೆ ಹಿಂಜರಿಯುತ್ತದೆ. ಸಾಲ ತೀರಿಸಲು ಚೋಮನ ಮಕ್ಕಳು ಕಾಫಿಯ ತೋಟಕ್ಕೆ ಹೋಗಬೇಕಾಗುತ್ತದೆ. ಹೊಳೆಯಲ್ಲಿ ಮುಳುಗುತ್ತಿರುವ ಮಗನನ್ನು ಮುಟ್ಟಲಂಜಿ ದಡದ ಜನರು ನಿಂತು ನೋಡುತ್ತಾರೆ. ಕ್ರೈಸ್ತನಾದರೆ ಭೂಮಿ ದೊರೆತೀತೆಂದು ಹೊರಟ ಚೋಮನು ತನ್ನ ದೈವವನ್ನು ನೆನೆದು ದಾರಿಯಿಂದಲೇ ಹಿಂದಿರುಗುತ್ತಾನೆ. ಇಲ್ಲಿ ಖಳನಾಯಕನನ್ನು ಹುಡುಕುವುದು ವ್ಯರ್ಥ. ಎಲ್ಲರೂ ನಾಲ್ಕು ಜನರಂತೆ ನಡೆದವರೇ. ಕಾರಂತರ ಆರೋಪವೂ ಆ ನಡತೆಯ ಮೇಲೆಯೇ.

ಇದೆಲ್ಲ ಮುಗಿದುಹೋದ ಕಾಲದ ಕಥೆಯೆಂಬ ಸಮಾಧಾನವೊಂದುಂಟು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1976ರಲ್ಲಿ ಜೀತಪದ್ಧತಿಯೂ ಶಾಸನದಿಂದ ನಿಷೇಧಿತವಾಯಿತು. ನಡುವೆ, 1974ರಲ್ಲಿ ತಿದ್ದುಪಡಿಗೊಂಡ ಕರ್ನಾಟಕದ ಭೂಸುಧಾರಣಾ ಶಾಸನವು ಉಳುವವನನ್ನು ಒಡೆಯನನ್ನಾಗಿಸಹೊರಟಿತು. ಇವು ಅಲ್ಪವಾದ ಸಾಧನೆಗಳಲ್ಲ. ಆದರೆ ಆ ಭೂಶಾಸನದ ಮುಖ್ಯ ಫಲವು ಸಂದುದು ಗೇಣಿದಾರನಿಗೆ. ಚೋಮನಿಗೆ ನಿರಾಕರಿಸಲ್ಪಟ್ಟುದು ಆ ಗೇಣಿಯೇ. ಉಳಲು ಬಿಡದೆ ಇಟ್ಟವನನ್ನು ‘ಉಳುವವನು’ ಎಂಬ ಶಬ್ದವು ಒಳಗೊಳ್ಳುವುದೆಂತು? 1975ನೆಯ ಸಾಲಿನ ಶ್ರೇಷ್ಠ ಚಿತ್ರವೆಂದು ‘ಚೋಮನ ದುಡಿ’ಗೆ ರಾಷ್ಟ್ರಪ್ರಶಸ್ತಿಯು ದೊರೆಯಿತು. ಕಥೆಗೆ ಪದಕವನ್ನು ಕೊಡುವುದು ಸುಲಭ. ಕಥಾನಾಯಕನಂಥವರಿಗೆ ಗದ್ದೆಯನ್ನು ಕೊಡುವುದು ಸುಲಭವಲ್ಲ.

ಆದುದರಿಂದ ಇಂತಹ ಕಾದಂಬರಿಗಳು ಮನಸ್ಸನ್ನು ಕುಗ್ಗಿಸುವುವೆಂಬ ದೂರು ಅರ್ಧ ನಿಜ. ಅವು ಕುಗ್ಗಿಸುವುದು ಓದುಗನ ಆತ್ಮತೃಪ್ತಿಯನ್ನು. ವಿದ್ಯಾವಂತ ಗೃಹಸ್ಥನು ಈ ಪುಸ್ತಕವನ್ನೋದುವಾಗ ಚೋಮನಿಗಾಗಿ ಮರುಗುವುದರ ಜೊತೆಗೆ, ಸಂಕಪ್ಪಯ್ಯನು ತನ್ನ ಜಗಲಿಯಲ್ಲಿಯೇ ಕುಳಿತಿರುವನೇ ಎಂದು ನೋಡಿಕೊಳ್ಳಲಿ. ಬಾಡಿಗೆಗೆ ಮನೆ ಕೇಳಲು ಬಂದವನ ಜಾತಿಯನ್ನು ವಿಚಾರಿಸಿ, ‘ನನಗೇನೂ ಇಲ್ಲ, ಮನೆಯಲ್ಲಿ ಹಿರಿಯರು ಒಪ್ಪರು’ ಎನ್ನುವ ಸೌಮ್ಯವಾದ ಧ್ವನಿಯು ಸಂಕಪ್ಪಯ್ಯನದೇ. ಆ ಮಾತು ನಿಲ್ಲುವವರೆಗೆ ಚೋಮನ ದುಡಿಯೂ ನಿಲ್ಲಲಾರದು.