ಹವ್ಯಾಸದ ಸರ್ವರ್: ಹೊಣೆ ಯಾರ ಹೆಗಲಿಗೆ?

ಕಡೂರಿನ ಒಬ್ಬ ವಿದ್ಯಾರ್ಥಿ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಸಮಾಜದ ಮನೆಗಳಿಗಾಗಿ ಸ್ವಂತ ಖರ್ಚಿನಲ್ಲಿ ಒಂದು ಸರ್ವರ್ ಬಾಡಿಗೆಗೆ ಪಡೆದ ಎಂದಿಟ್ಟುಕೊಳ್ಳಿ. ಮುನಿಗಳ ವಿಹಾರದ ಸುದ್ದಿ, ವಧು-ವರರ ಬಯೋಡೇಟಾ, ಮಕ್ಕಳ ಹರಟೆ ಎಲ್ಲವೂ ಅಲ್ಲಿಯೇ. ಒಂದು ದಿನ ಯಾರೋ ಹುಡುಗಿಯೊಬ್ಬಳ ಫೋಟೋ ತಿರುಚಿ ಹಾಕುತ್ತಾರೆ. ದೂರು ಠಾಣೆಗೆ ಹೋಗುತ್ತದೆ. ಪೊಲೀಸರು ಮೊದಲು ಕೇಳುವುದು ಸರ್ವರ್ ನಡೆಸುವವನನ್ನೇ.

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಪ್ರಕಾರ ಪರರ ಮಾಹಿತಿಯನ್ನು ಪಡೆದು, ಸಂಗ್ರಹಿಸಿ, ರವಾನಿಸುವ ಯಾವ ವ್ಯಕ್ತಿಯೂ ‘ಮಧ್ಯವರ್ತಿ’. ಲಾಭ ಬರುತ್ತದೆಯೇ ಎಂದು ಕಾಯ್ದೆ ಕೇಳುವುದಿಲ್ಲ. ಅದರ 79ನೇ ಕಲಂ ಮಧ್ಯವರ್ತಿಗೆ ರಕ್ಷಣೆ ಕೊಡುತ್ತದೆ, ಆದರೆ ಅವನು ಎಚ್ಚರ ವಹಿಸಿದ್ದರೆ ಮಾತ್ರ. 2021ರ ನಿಯಮಗಳಲ್ಲಿ 50 ಲಕ್ಷ ಬಳಕೆದಾರರಿರುವ ದೊಡ್ಡ ಕಂಪನಿಗಳಿಗೆ ಹೆಚ್ಚಿನ ಹೊರೆ ಇದೆ. ಆದರೆ ನಿಯಮಾವಳಿ ಪ್ರಕಟಿಸುವುದು, ದೂರು ಸ್ವೀಕರಿಸುವವರ ಹೆಸರು ಹಾಕುವುದು, ಆದೇಶ ಬಂದರೆ ತೆಗೆದುಹಾಕುವುದು ಚಿಕ್ಕವರಿಗೂ ತಪ್ಪಿದ್ದಲ್ಲ.

‘ವಾಟ್ಸ್‌ಆ್ಯಪ್ ಅಡ್ಮಿನ್ ಹೊಣೆಯಲ್ಲ ಎಂದು ಕೋರ್ಟೇ ಹೇಳಿದೆಯಲ್ಲ’ ಎನ್ನುವವರಿದ್ದಾರೆ. ಹೌದು, ಸದಸ್ಯರ ಸಂದೇಶಕ್ಕೆ ಅಡ್ಮಿನ್ ತಾನಾಗಿಯೇ ಹೊಣೆಯಾಗುವುದಿಲ್ಲ ಎಂದು 2022ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟ್ ಹೇಳಿತು. ಆದರೆ ಅಡ್ಮಿನ್ ಕೈಯಲ್ಲಿರುವುದು ಸದಸ್ಯರನ್ನು ಸೇರಿಸುವ, ತೆಗೆಯುವ ಅಧಿಕಾರವಷ್ಟೇ ಎಂಬುದು ಆ ತೀರ್ಪಿನ ಆಧಾರ. ಸರ್ವರ್ ಒಡೆಯನ ಬಳಿ ಅಳಿಸುವ ಅಧಿಕಾರವೂ ಇದೆ, ಎಲ್ಲರ ಮಾಹಿತಿಯೂ ಇದೆ. ಆ ತೀರ್ಪನ್ನೇ ನಂಬಿ ಕೂರುವಂತಿಲ್ಲ.

ನಮ್ಮ ಹೈಕೋರ್ಟ್ ಕೂಡ 2025ರ ಸೆಪ್ಟೆಂಬರ್ 24ರಂದು, ಸರ್ಕಾರದ ‘ಸಹಯೋಗ್’ ಪೋರ್ಟಲ್ ಪ್ರಶ್ನಿಸಿದ್ದ ಎಕ್ಸ್ ಕಾರ್ಪ್ ಅರ್ಜಿಯನ್ನು ವಜಾ ಮಾಡಿತು. ಅಷ್ಟು ದೊಡ್ಡ ಕಂಪನಿಗೇ ಹೀಗಾದಾಗ, ತೆಗೆದುಹಾಕುವ ನೋಟಿಸನ್ನು ನಮ್ಮ ಹುಡುಗರು ಹಗುರವಾಗಿ ಕಾಣಬಾರದು.

ಇನ್ನೊಂದು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಕರ್ತವ್ಯಗಳು 18 ತಿಂಗಳ ನಂತರ ಜಾರಿಯಾಗುತ್ತವೆ. ಸ್ವಂತ ಮನೆಬಳಕೆಗೆ ವಿನಾಯಿತಿ ಇದೆ. ಆದರೆ ಮೂರು ತಾಲ್ಲೂಕಿನ ಬಯೋಡೇಟಾ ಸಂಗ್ರಹವನ್ನು ಮನೆಬಳಕೆ ಎನ್ನುವುದು ಕಷ್ಟ. 18 ತುಂಬದವರ ಮಾಹಿತಿಗೆ ತಂದೆ-ತಾಯಿಯ ಒಪ್ಪಿಗೆ ಬೇಕು. ಭದ್ರತೆಯಲ್ಲಿ ಲೋಪವಾದರೆ ದಂಡದ ಮಿತಿ 250 ಕೋಟಿ ರೂಪಾಯಿ. ಹುಡುಗನೊಬ್ಬನಿಗೆ ಅಷ್ಟು ಬೀಳುತ್ತದೆಂದಲ್ಲ, ಕಾನೂನು ಇದನ್ನು ಎಷ್ಟು ಗಂಭೀರವಾಗಿ ಕಾಣುತ್ತದೆ ಎಂಬುದಕ್ಕೆ ಈ ಮಾತು.

ಹಾಗೆಂದು ಸರ್ವರ್ ಮುಚ್ಚಬೇಕಿಲ್ಲ. ಪರಿಚಯದವರಿಗೆ ಮಾತ್ರ ಪ್ರವೇಶ ಕೊಡಿ. ನಿಯಮಗಳನ್ನು ಕನ್ನಡದಲ್ಲಿ ಬರೆದು ಹಾಕಿ. ಆಧಾರ್, ಜಾತಕ, ಮನೆ ವಿಳಾಸ ಇಟ್ಟುಕೊಳ್ಳಬೇಡಿ. ಮದುವೆ ನಿಶ್ಚಯವಾದ ಬಯೋಡೇಟಾ ತೆಗೆಯಿರಿ. ನೋಟಿಸ್ ಬಂದರೆ ಗಾಬರಿಯಿಂದ ಎಲ್ಲವನ್ನೂ ಅಳಿಸಬೇಡಿ, ಅದು ಸಾಕ್ಷ್ಯನಾಶ ಎನಿಸಬಹುದು. ಆಕ್ಷೇಪದ ವಿಷಯವನ್ನು ಜನರಿಗೆ ಕಾಣದಂತೆ ಮಾಡಿ, ಪ್ರತಿ ಉಳಿಸಿ, ವಕೀಲರನ್ನು ಕಾಣಿ.

ಹಿರಿಯರಲ್ಲೂ ಒಂದು ಕೋರಿಕೆ. ಸೇವೆ ಸಮಾಜದ್ದಾದರೆ ಹೊಣೆಯೂ ಸಮಾಜದ್ದಾಗಲಿ. ಸರ್ವರ್ ಸಂಘದ ಹೆಸರಿನಲ್ಲಿರಲಿ, ದೂರು ಕೇಳಲು ಹಿರಿಯರೊಬ್ಬರು ಮುಂದೆ ಬರಲಿ. ಸೇವೆಗೆ ನಿಂತ ಹುಡುಗ ಠಾಣೆಯ ಮೆಟ್ಟಿಲನ್ನು ಒಬ್ಬನೇ ಹತ್ತುವಂತಾಗಬಾರದು.