ಟ್ಯಾಂಕಿನ ಬೆನ್ನೇರಿದ ಸೇತುವೆ

2024ರ ಭೂಕುಸಿತದ ಬೆನ್ನಲ್ಲೇ ವಯನಾಡಿನ ಚೂರಲ್‌ಮಲೆಯಲ್ಲಿ ಸೈನಿಕರು 190 ಅಡಿಯ ಬೈಲಿ ಸೇತುವೆ ಕಟ್ಟಿದ್ದನ್ನು ಅನೇಕರು ಟಿ.ವಿ.ಯಲ್ಲಿ ನೋಡಿರಬಹುದು. ಅವರು ನಮ್ಮ ಬೆಂಗಳೂರಿನಲ್ಲೇ ಕೇಂದ್ರವಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು. ಉಕ್ಕಿನ ಚೌಕಟ್ಟುಗಳನ್ನು ಹೆಗಲ ಮೇಲೆ ಹೊತ್ತು, ರಾತ್ರಿಯಿಡೀ ಜೋಡಿಸಿದರು. ಅದೇ ಕೆಲಸವನ್ನು ಎದುರು ದಡದಿಂದ ಗುಂಡು ಬರುತ್ತಿರುವಾಗ ಮಾಡಬೇಕಾಗಿ ಬಂದರೆ?

ಅದಕ್ಕಾಗಿಯೇ ಇರುವುದು ಸೇತುವೆ ಹಾಸುವ ಟ್ಯಾಂಕ್. ಟಿ-72ರಂಥ ಟ್ಯಾಂಕು ಹೆಚ್ಚೆಂದರೆ ಮೂರು ಮೀಟರಿನಷ್ಟು ಅಗಲದ ಕಂದಕವನ್ನು ತಾನಾಗಿ ದಾಟೀತು. ಅದಕ್ಕಿಂತ ದೊಡ್ಡ ಕಾಲುವೆ ಎದುರಾದರೆ 40 ಟನ್ನಿನ ಆ ದೈತ್ಯ ದಡದಲ್ಲೇ ನಿಲ್ಲಬೇಕು. ನಿಂತ ಟ್ಯಾಂಕು ಸುಲಭದ ಗುರಿ. ಆದ್ದರಿಂದ ಅದೇ ಟ್ಯಾಂಕಿನ ಮೇಲಿನ ಗೋಪುರ, ತೋಪು ತೆಗೆದು, ಮಡಚಿದ ಸೇತುವೆಯೊಂದನ್ನು ಹೇರುತ್ತಾರೆ. ಎಂಜಿನ್, ಚೈನು, ರಕ್ಷಾಕವಚ ಎಲ್ಲ ಹಳೆಯದೇ. ಹೀಗಾಗಿ ಉಳಿದ ಟ್ಯಾಂಕುಗಳು ಹೋದಲ್ಲಿಗೆಲ್ಲ ಅದೂ ಹೋಗುತ್ತದೆ, ಬಿಡಿಭಾಗಕ್ಕೂ ತತ್ವಾರವಿಲ್ಲ.

ಹಾಸುವ ಬಗೆ ನೋಡುವಂಥದ್ದು. ಗಾಡಿ ದಡದಂಚಿಗೆ ಬಂದು ಮುಂಭಾಗದ ಆಧಾರವನ್ನು ನೆಲಕ್ಕೆ ಒತ್ತಿ ನಿಲ್ಲುತ್ತದೆ; ಇಲ್ಲದಿದ್ದರೆ ಭಾರಕ್ಕೆ ಮೂತಿ ಮಗುಚುತ್ತದೆ. ಹೈಡ್ರಾಲಿಕ್ ತೋಳು ಮಡಿಕೆಯನ್ನು ಮೇಲೆತ್ತುತ್ತದೆ, ಮಡಿಕೆ ಕತ್ತರಿಯಂತೆ ಬಿಚ್ಚಿಕೊಂಡು ಆಚೆ ದಡದ ಮೇಲೆ ಒರಗುತ್ತದೆ. ಕೆಲವೇ ನಿಮಿಷದ ಕೆಲಸ, ಒಳಗಿನವರು ಹೊರಗೆ ಕಾಲಿಡಬೇಕಾಗಿಲ್ಲ. ಬಿಚ್ಚಿದ್ದು ನಡುವೆ ಖಾಲಿ ಬಿಟ್ಟ ಎರಡು ಪಟ್ಟಿ, ಅಷ್ಟೇ. ದಾಟುವ ಚಾಲಕನಿಗೆ ಅದು ಸರಿಯಾಗಿ ಕಾಣದು. ಮೇಲಿನಿಂದ ಕಮಾಂಡರ್ ಹೇಳಿದತ್ತ ತಿರುಗಿಸುತ್ತಾ ಸಾಗಬೇಕು. ಎಲ್ಲರೂ ದಾಟಿದ ಮೇಲೆ ಹಾಸಿದವನೂ ದಾಟಿ, ಆಚೆಯಿಂದ ಸೇತುವೆಯನ್ನು ಎತ್ತಿಕೊಳ್ಳುತ್ತಾನೆ.

ಕತ್ತರಿ ಮಾದರಿಗೆ ಒಂದು ಕೊರತೆ: ಬಿಚ್ಚುವಾಗ ಬಾನೆತ್ತರ ನಿಂತು ದೂರದವರಿಗೂ ಜಾಗ ತೋರಿಸಿಕೊಡುತ್ತದೆ. ಜರ್ಮನಿಯ ‘ಬೀಬರ್’ ಸೇತುವೆ ಟ್ಯಾಂಕು ಅದಕ್ಕೇ ಸೇತುವೆಯನ್ನು ಅಡ್ಡಲಾಗಿ ಮುಂದಕ್ಕೆ ಜಾರಿಸುತ್ತದೆ. 2022ರಲ್ಲಿ ಅದು ಉಕ್ರೇನಿಗೂ ಹೋಯಿತು.

ನಮ್ಮ ಪಂಜಾಬ್ ಗಡಿಯಲ್ಲಿ ಇದು ಪುಸ್ತಕದ ಮಾತಲ್ಲ. ಅಲ್ಲಿನ ಬಯಲಿನ ತುಂಬ ಕಾಲುವೆ, ಕಂದಕ, ಒಡ್ಡುಗಳು. 1965ರಲ್ಲಿ ಲಾಹೋರಿನತ್ತ ನುಗ್ಗಿದ ಭಾರತದ ಪಡೆಗೆ ದೊಡ್ಡ ಅಡ್ಡಿಯಾದದ್ದು ಇಚ್ಛೋಗಿಲ್ ಕಾಲುವೆ. ಡಿಆರ್‌ಡಿಒ ರೂಪಿಸಿದ ಟಿ-72 ಸೇತುವೆ ಟ್ಯಾಂಕು ಹಾಸುವುದು 20 ಮೀಟರ್. ಇಚ್ಛೋಗಿಲ್‌ನಂಥದ್ದಕ್ಕೆ ಅದು ಸಾಲದು. ಅಲ್ಲಿಗೆ ಬೇಕಾದದ್ದು ಬಿಇಎಂಎಲ್ ತಯಾರಿಸುವ ‘ಸರ್ವತ್ರ’ ಸೇತುವೆ. ಅದು ಟ್ರಕ್ಕಿನ ಮೇಲೆ ಬರುತ್ತದೆ, 75 ಮೀಟರ್‌ವರೆಗೆ ಚಾಚಿಕೊಳ್ಳುತ್ತದೆ, ಆದರೆ ಟ್ಯಾಂಕಿನ ಕವಚ ಅದಕ್ಕಿಲ್ಲ.

ಟ್ಯಾಂಕು ಕೊಳ್ಳುವ ಸುದ್ದಿ ಬಂದಾಗ ನಾವು ತೋಪಿನ ಅಳತೆ ಕೇಳುತ್ತೇವೆ, ಸೇತುವೆಯ ತಾಳಿಕೆ ಕೇಳುವುದಿಲ್ಲ. ಅರ್ಜುನ್ ಮಾರ್ಕ್-1ಎ ಟ್ಯಾಂಕು ತೂಗುವುದು ಸುಮಾರು 68 ಟನ್. ಟಿ-72 ಸಲೀಸಾಗಿ ದಾಟುವ ಎಷ್ಟೋ ಹಳೆಯ ಸೇತುವೆಗಳ ಮೇಲೆ ಅದನ್ನು ಬಿಡುವಂತಿಲ್ಲ.