ಮಾಲಿಕ ನಮ್ಮವರಾದರೆ ಕಾನೂನು ಬೇಡವೇ?

ಕ್ವೀನ್ಸ್‌ಬರಿ ಸುತ್ತಮುತ್ತ ಅಂಗಡಿ, ಹೋಟೆಲುಗಳಲ್ಲಿ ದುಡಿಯುವ ನಮ್ಮ ಹುಡುಗರು ಹೇಳುವ ಮಾತೊಂದಿದೆ: "ಎರಡು ವರ್ಷ ಆಗುವ ತನಕ ಕೆಲಸದಿಂದ ತೆಗೆದರೂ ಕೇಳುವ ಹಾಗಿಲ್ಲ." ಇದರಲ್ಲಿ ಅರ್ಧ ಮಾತ್ರ ಸರಿ.

1996ರ ಎಂಪ್ಲಾಯ್‌ಮೆಂಟ್ ರೈಟ್ಸ್ ಆಕ್ಟ್ ಪ್ರಕಾರ, ಅನ್ಯಾಯವಾಗಿ ತೆಗೆದರು ಎಂದು ದೂರು ಕೊಡಲು ಸಾಮಾನ್ಯವಾಗಿ ಎರಡು ವರ್ಷ ಸರ್ವಿಸ್ ಆಗಿರಬೇಕು. 2027ರ ಜನವರಿಯಿಂದ ಅದು ಆರು ತಿಂಗಳಿಗೆ ಇಳಿಯುತ್ತದೆ. ಆದರೆ ಬಣ್ಣ, ದೇಶ, ಧರ್ಮ ನೋಡಿ ಅಥವಾ ಗರ್ಭಿಣಿ ಎಂಬ ಕಾರಣಕ್ಕೆ ತೆಗೆದರೆ 2010ರ ಈಕ್ವಾಲಿಟಿ ಆಕ್ಟ್ ಇದೆ. ಅದಕ್ಕೆ ಎರಡು ವರ್ಷವೂ ಬೇಡ, ಎರಡು ದಿನವೂ ಬೇಡ. ಇಂಟರ್‌ವ್ಯೂನಲ್ಲೇ ತಾರತಮ್ಯ ಮಾಡಿದರೂ ಕೇಸು ನಿಲ್ಲುತ್ತದೆ. ಪೇಸ್ಲಿಪ್, ಮಿನಿಮಮ್ ವೇಜ್ ಕೂಡ ಮೊದಲ ದಿನದ ಹಕ್ಕು. ಲೆಕ್ಕ ಬರೆಯುವವನಾಗಿ ಹೇಳುತ್ತೇನೆ, ಪೇಸ್ಲಿಪ್ ಇಲ್ಲದ ಸಂಬಳಕ್ಕೆ ನಾಳೆ ಸಾಕ್ಷಿ ಹುಡುಕುವುದು ಬಹಳ ಕಷ್ಟ.

ಇಷ್ಟು ವಿವರಿಸಿದ ಮೇಲೂ ಬರುವ ಉತ್ತರ ಒಂದೇ: "ಅವರು ಊರಿನವರು ಕಾಕ, ಕೇಸು ಹಾಕಿದರೆ ಊರಲ್ಲಿ ಮುಖ ತೋರಿಸುವುದು ಹೇಗೆ?"

ಮಿಲ್ಟನ್ ಕೀನ್ಸ್‌ನ ತಿರ್ಕಿ ಕೇಸು ನೋಡಿ. ಬಿಹಾರದ ಆದಿವಾಸಿ ಹೆಣ್ಣುಮಗಳೊಬ್ಬಳನ್ನು ಭಾರತೀಯ ಮೂಲದ ಕುಟುಂಬವೇ ಮನೆಗೆಲಸಕ್ಕೆ ಕರೆಸಿತ್ತು. ಕೈಗೆ ಬಂದದ್ದು ಗಂಟೆಗೆ ಸುಮಾರು 11 ಪೆನ್ಸ್. ಮಲಗಲು ನೆಲದ ಮೇಲೊಂದು ಫೋಮ್ ಹಾಸಿಗೆ. 2015ರಲ್ಲಿ ಟ್ರಿಬ್ಯುನಲ್ ಆಕೆಗೆ ಬಾಕಿ ಸಂಬಳವೆಂದೇ 1,83,773 ಪೌಂಡ್ ಕೊಡಿಸಿತು. ಅದಕ್ಕೆ ಮೊದಲು, 2014ರಲ್ಲಿ, ಜಾತಿಯ ಕಾರಣದ ತಾರತಮ್ಯವೂ ಈಕ್ವಾಲಿಟಿ ಆಕ್ಟ್‌ನ 'ಜನಾಂಗೀಯ ಮೂಲ'ದೊಳಗೆ ಬರಬಹುದೆಂದು ಅಪೀಲು ಟ್ರಿಬ್ಯುನಲ್ ಹೇಳಿತ್ತು. ಮಾಲಿಕನೂ ನಮ್ಮ ದೇಶದವನೇ ಎಂದು ಯಾರೂ ಬಿಟ್ಟುಬಿಡಲಿಲ್ಲ.

ಗಲ್ಫ್‌ನಲ್ಲಿ ಕಫೀಲನ ಭಯ ಇದ್ದಂತೆ ಇಲ್ಲಿ ಸ್ಪಾನ್ಸರ್ ಭಯ. ಕೆಲಸ ಹೋದರೆ ಬೇರೆ ಸ್ಪಾನ್ಸರ್ ಹುಡುಕಲು ಸಾಮಾನ್ಯವಾಗಿ ಸಿಗುವುದು 60 ದಿನ. ಊರಲ್ಲಿ ಮನೆ ಸಾಲ, ತಂಗಿಯ ಮದುವೆ ಇರುವವನು ಬಾಯಿ ಮುಚ್ಚಿ ಕೂರುತ್ತಾನೆ, ಅವನನ್ನು ದೂರುವಂತಿಲ್ಲ. ಆದರೆ ಟ್ರಿಬ್ಯುನಲ್ ಗಡಿಯಾರ ಅವನಿಗಾಗಿ ನಿಲ್ಲುವುದಿಲ್ಲ. ಈಗಿನ ಲೆಕ್ಕ ಮೂರು ತಿಂಗಳಿಗೆ ಒಂದು ದಿನ ಕಡಿಮೆ: ಮಾರ್ಚ್ 10ಕ್ಕೆ ತೆಗೆದರೆ ಜೂನ್ 9ರೊಳಗೆ ಏಕಾಸ್ ಎಂಬ ಸಂಸ್ಥೆಗೆ ತಿಳಿಸಬೇಕು. ಇದನ್ನು ಆರು ತಿಂಗಳಿಗೆ ಏರಿಸಲು ಕಾನೂನು ಪಾಸಾಗಿದೆ, ಆದರೆ ಜಾರಿಯಾಗುವ ತನಕ ಹಳೆ ಲೆಕ್ಕವೇ ಇಟ್ಟುಕೊಳ್ಳಿ. ಏಕಾಸ್‌ಗೆ ಫೀಸಿಲ್ಲ. ಟ್ರಿಬ್ಯುನಲ್ ಫೀಸನ್ನೂ 2017ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿದೆ.

ನಮ್ಮ ಸಂಘಗಳಿಗೂ ಒಂದು ಮಾತು. ಪೇಸ್ಲಿಪ್ ಕೊಡದ ಮಾಲಿಕರನ್ನು ಇಫ್ತಾರ್ ಕೂಟದಲ್ಲಿ ಮುಖ್ಯ ಅತಿಥಿಯಾಗಿ ಕೂರಿಸಿ ಶಾಲು ಹೊದಿಸುವುದನ್ನು ಈ ವರ್ಷವಾದರೂ ನಿಲ್ಲಿಸೋಣ. ಆ ಕೂಟದಲ್ಲಿ ತಟ್ಟೆ ಬಡಿಸುತ್ತಿರುವ ಹುಡುಗ ಅವರಲ್ಲೇ ಕೆಲಸಕ್ಕಿರುತ್ತಾನೆ.